ಅರ್ಧ ಮುಖ

ಟೈಲರಮ್ಮನ ಕೈಗೆ ನೀರಿನ ಲೋಟ ಕೊಟ್ಟು ಚಿತ್ರಗಾರ್ತಿ ತಿರುಗುವಷ್ಟರಲ್ಲಿ ಪರದೆಯ ಮೇಲಿನ ಮುಖ ತಾನಾಗಿಯೇ ಪೂರ್ತಿಯಾಗಿಬಿಟ್ಟಿತ್ತು. ಅವಳು ಏಳುವಾಗ ಅಲ್ಲಿದ್ದದ್ದು ಅಗಲವಾದ ಹಣೆ, ಒಂದು ದವಡೆಯ ಗೆರೆ, ಅಷ್ಟೇ. ಈಗ ಕಣ್ಣು, ಮೂಗು, ತುಟಿ, ತುಟಿಯ ಕೆಳಗಿನ ನೆರಳು ಸಮೇತ ಒಬ್ಬ ಗಂಡಸು ಅವಳನ್ನೇ ನೋಡುತ್ತಿದ್ದ. ಪಕ್ಕದಲ್ಲೊಂದು ಒಕ್ಕಣೆ: ‘ನಿಮ್ಮ ಚಿತ್ರವನ್ನು ನಿಮ್ಮದೇ ಶೈಲಿಯಲ್ಲಿ ಮುಗಿಸಿದ್ದೇವೆ.’ ಅದರಡಿ ‘ಸರಿ’ ಎಂಬ ಒಂದೇ ಬಟನ್. ‘ಬೇಡ’ ಎನ್ನಲು ಜಾಗವನ್ನೇ ಇಟ್ಟಿರಲಿಲ್ಲ ಪುಣ್ಯಾತ್ಮರು.

ಪೊಲೀಸ್ ಠಾಣೆಯ ಮಹಡಿಯ ಈ ಕೋಣೆಯಲ್ಲಿ ಕೂತು, ಕಂಡವರ ಬಾಯಿಮಾತು ಕೇಳಿ ತಾನು ಕಾಣದವರ ಮುಖ ಬರೆಯುವುದು ಅವಳ ಕೆಲಸ. ಕಲಿಸಿದ ಮೇಷ್ಟ್ರು ಹೇಳಿಕೊಟ್ಟದ್ದು ಒಂದೇ ಪಾಠ. ಸಾಕ್ಷಿಗೆ ಅರ್ಧ ಮುಖ ತೋರಿಸು, ಉಳಿದರ್ಧ ಅವರ ಬಾಯಿಂದಲೇ ಬರಲಿ. ಪೂರ್ತಿ ಮುಖ ಮೊದಲೇ ಕಂಡರೆ ಅದು ಅವರ ನೆನಪನ್ನು ತಿಂದುಹಾಕುತ್ತದೆ. ಅದಕ್ಕೇ ಅವಳ ಗೆರೆಗಳು ಯಾವಾಗಲೂ ಮಸುಕು. ಚಿತ್ರ ಬರೆಯುವ ಸಾಫ್ಟ್‌ವೇರ್‌ಗೆ ನಿನ್ನೆ ಬಂದ ಅಪ್‌ಡೇಟ್‌ಗೆ ಇದೆಲ್ಲ ಅರ್ಥವಾಗಬೇಕಲ್ಲ! ಪೆನ್ನು ಹತ್ತು ಸೆಕೆಂಡು ಸುಮ್ಮನಿದ್ದರೆ ಸಾಕು, ಪಾಪ ಇವಳಿಗೆ ಬರೆಯಲು ತೋಚುತ್ತಿಲ್ಲ ಅಂತ ಅದು ಸಹಾಯಕ್ಕೆ ಧಾವಿಸುತ್ತದೆ. ಆ ಸಹಾಯವನ್ನು ನಿಲ್ಲಿಸುವುದು ಎಲ್ಲಿ ಎಂದು ಬೆಳಗ್ಗೆಯಿಂದ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದ್ದಳು, ಸಿಕ್ಕಿರಲಿಲ್ಲ. ಟೈಲರಮ್ಮ ಬಿಕ್ಕಳಿಸಿ ಅತ್ತಾಗ ಪೆನ್ನು ಕೆಳಗಿಟ್ಟು ನೀರಿಗೆಂದು ಎದ್ದದ್ದೇ ತಪ್ಪಾಯಿತು.

ಟೈಲರಮ್ಮನ ಎದುರಿಗೂ ಒಂದು ಪರದೆಯಿತ್ತು. ಅದರಲ್ಲೂ ಅದೇ ಮುಖ. ಮೂರು ದಿನದ ಹಿಂದೆ ಸಂಜೆ ಯಾರೋ ಅವರ ಅಂಗಡಿಗೆ ನುಗ್ಗಿ ಗಂಡನ ತಲೆಗೆ ಕಬ್ಬಿಣದ ಸರಳಿನಿಂದ ಹೊಡೆದು ಓಡಿದ್ದ. ಗಂಡ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಇವನೇ,” ಎಂದರು ಟೈಲರಮ್ಮ. ಲೋಟದ ನೀರು ಮಡಿಲ ಮೇಲೆ ಚೆಲ್ಲಿತು. “ಇವನೇ ಕಣಮ್ಮಾ!”

ಮೂಲೆಯಲ್ಲಿ ಕಾಗದ ನೋಡುತ್ತಿದ್ದ ಇನ್ಸ್‌ಪೆಕ್ಟರ್ ಎದ್ದು ಬಂದರು. “ಸರಿಯಾಗಿ ನೋಡಿ ಹೇಳಿ. ಇಷ್ಟೊತ್ತೂ ಮುಖ ನೆನಪಾಗ್ತಿಲ್ಲ ಅಂತಿದ್ರಲ್ಲ?”

“ಈಗ ನೆನಪಾಯ್ತು ಸಾರ್. ಆ ಹುಬ್ಬು ನೋಡಿ, ಮಧ್ಯದಲ್ಲಿ ಕೂದಲಿಲ್ಲ.”

ಚಿತ್ರಗಾರ್ತಿ ಹುಬ್ಬು ನೋಡಿದಳು. ಎಡಹುಬ್ಬಿನ ನಡುವಿನ ಆ ಗೀರು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕಂದಿನಲ್ಲಿ ಜಗಳವಾಡಿ ಜಾಮಿಟ್ರಿ ಬಾಕ್ಸ್ ಎಸೆದು, ತಮ್ಮನ ಹುಬ್ಬಿನ ಮೇಲೆ ಅದನ್ನು ಬರೆದವಳು ಅವಳೇ. ಠಾಣೆಯ ಕಂಪ್ಯೂಟರ್ ತೆವಳುತ್ತದೆಂದು ಅವಳು ತನ್ನ ಲ್ಯಾಪ್‌ಟಾಪನ್ನೇ ತರುತ್ತಿದ್ದಳು. ಅದರಲ್ಲಿ ‘ಅರ್ಧಂಬರ್ಧ’ ಎಂಬ ಫೋಲ್ಡರು, ಫೋಲ್ಡರಿನ ತುಂಬ ಮುನ್ನೂರಕ್ಕೂ ಹೆಚ್ಚು ಮುಗಿಯದ ಚಿತ್ರಗಳು, ಎಲ್ಲವೂ ತಮ್ಮನವೇ. ಗೊಣಗಿದರೂ ಎದ್ದುಹೋಗದ ಮಾಡೆಲ್ ಅವನೊಬ್ಬನೇ. ‘ನಿಮ್ಮದೇ ಶೈಲಿ’ ಎಂದರೆ ಸಾಫ್ಟ್‌ವೇರ್‌ಗೆ ಗೊತ್ತಿದ್ದದ್ದು ಆ ಒಂದು ಮುಖ.

“ಸಾರ್, ಇದು ನಾನು ಬರೆದಿದ್ದಲ್ಲ. ಸಾಫ್ಟ್‌ವೇರ್ ತಾನೇ ತುಂಬಿಸಿದ್ದು. ಇದನ್ನ ಲೆಕ್ಕಕ್ಕೆ ತಗೋಬೇಡಿ.”

“ಯಾರು ಬರೆದ್ರೇನಮ್ಮ? ಅವರು ಗುರುತು ಹಿಡಿದ್ರಲ್ಲ, ಅಷ್ಟು ಸಾಕು. ಸೇವ್ ಮಾಡಿ ಕಳ್ಸಿ.”

ಅವಳಿಗೆ ಭಯವಾಯಿತು. ಇದು ನನ್ನ ತಮ್ಮನ ಮುಖ ಎಂದು ಹೇಳಿದರೆ ಅವನ ವಿಳಾಸವನ್ನು ತಾನೇ ಬರೆದುಕೊಟ್ಟಂತೆ. ಹೇಳದಿದ್ದರೆ ಕತ್ತಲಾಗುವುದರೊಳಗೆ ಈ ಮುಖ ಎಲ್ಲ ಠಾಣೆಗಳ ಗೋಡೆಯ ಮೇಲೆ. ಟೈಲರಂಗಡಿಯಲ್ಲಿ ಹಲ್ಲೆ ನಡೆದ ಆ ಸಂಜೆ ತಮ್ಮ ಅವಳೆದುರೇ ಸ್ಟೂಲಿನ ಮೇಲೆ ಕೂತು, “ಕತ್ತು ನೋಯ್ತಿದೆ, ಬೇಗ ಮುಗ್ಸೇ ಅಕ್ಕ,” ಎಂದು ಗೋಳಿಡುತ್ತಿದ್ದ. ಮನೆಯಲ್ಲಿ ಇದ್ದವರು ಇಬ್ಬರೇ. ತಮ್ಮನ ಪರ ಅಕ್ಕ ಹೇಳುವ ಸಾಕ್ಷಿಯನ್ನು ಯಾರು ನಂಬುತ್ತಾರೆ? ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಐದು ನಿಮಿಷವಿತ್ತು. ಒಂದು ಗಂಟೆಗೆ ಅವಳನ್ನು ಊಟಕ್ಕೆ ಕರೆದೊಯ್ಯಲು ಅವನು ದಿನವೂ ಇಲ್ಲಿಗೇ ಬರುತ್ತಾನೆ.

ಅವಳು ಅನ್‌ಡೂ ಒತ್ತಿದಳು. ತುಟಿ ಹೋಯಿತು. ಮತ್ತೆ ಮತ್ತೆ ಒತ್ತಿದಳು. ಮೂಗು, ಕಣ್ಣು, ಕೊನೆಗೆ ಆ ಹಾಳು ಹುಬ್ಬೂ ಹೋಗಿ, ಮೊದಲಿನ ಹಣೆ ಮತ್ತು ದವಡೆ ಮಾತ್ರ ಉಳಿದವು. ಹೋದ ಜೀವ ಬಂದಂತಾಯಿತು.

“ಏನ್ರೀ ಮಾಡ್ತಿದೀರ?” ಇನ್ಸ್‌ಪೆಕ್ಟರ್ ಗದರಿದರು.

“ಮೊದಲಿಂದ ಶುರು ಮಾಡ್ತೀನಿ ಸಾರ್, ಅರ್ಧ ಗಂಟೆ ಕೊಡಿ.” ಅವಳು ಟೈಲರಮ್ಮನ ಕಡೆ ಬಾಗಿದಳು. “ಅಮ್ಮಾ, ಆ ಮುಖ ಮರೆತುಬಿಡಿ. ಅದು ಸುಳ್ಳು ಮುಖ. ನಿಮಗೆ ನಿಜವಾಗ್ಲೂ ಕಂಡಿದ್ದನ್ನ ಹೇಳಿ. ಅವನ ಕಣ್ಣು ಹೇಗಿತ್ತು?”

ಟೈಲರಮ್ಮ ಕಣ್ಣು ಮುಚ್ಚಿಕೊಂಡರು. ಚಿತ್ರಗಾರ್ತಿ ಪೆನ್ನನ್ನು ಪರದೆಗೆ ತಾಗಿಸಿಯೇ ಕಾದಳು.

“ನೀವು ಅಳಿಸಿದ್ರೇನು ಬಂತಮ್ಮ?” ಎಂದರು ಟೈಲರಮ್ಮ. “ಈಗ ಕಣ್ಣು ಮುಚ್ಚಿದ್ರೂ ಅವನೇ ಕಾಣ್ತಾನೆ. ಅಂಗಡಿ ಬಾಗಿಲಲ್ಲಿ, ಸರಳು ಹಿಡ್ಕೊಂಡು, ಆ ಮುರಿದ ಹುಬ್ಬು ಗಂಟಿಕ್ಕೊಂಡು ನಿಂತಿದಾನೆ. ಸಾವಿರ ಜನರ ಮಧ್ಯೆ ನಿಲ್ಸಿ, ತೋರಿಸ್ತೀನಿ.”

ಕೆಳಗೆ ಗೇಟಿನ ಬಳಿ ಸ್ಕೂಟರ್ ನಿಂತ ಸದ್ದಾಯಿತು. ಅವಳು ಫೋನಿಗಾಗಿ ಚೀಲದಲ್ಲಿ ತಡಕಾಡಿದಳು. ಅಷ್ಟರಲ್ಲಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಬರುವ ಹೆಜ್ಜೆಗಳು ಬಾಗಿಲಿಗೇ ಬಂದವು. ಟೈಲರಮ್ಮ ಕಣ್ಣು ತೆರೆದು ಅತ್ತ ತಿರುಗಿದರು.

“ಅಕ್ಕಾ, ಮುಗೀತಾ?”