ಒಂದೇ ಉಸಿರಿನಲ್ಲಿ ಆಕಾಶ

ಗಾಳಿಯೆಲ್ಲ ಪಾತಾಳಕ್ಕೆ ಇಳಿದ ಮೇಲೆ ಊರೂ ಹಳೆಯ ಚಿನ್ನದ ಗಣಿಯೊಳಕ್ಕೆ ಇಳಿದಿತ್ತು. ಅಲ್ಲೇ ಹುಟ್ಟಿದ ಮಕ್ಕಳು ಏಳನೇ ತರಗತಿಗೆ ಬಂದಾಗ ಒಬ್ಬೊಬ್ಬರಾಗಿ ಏಣಿ ಹತ್ತಿ, ಒಂದೇ ಉಸಿರಿನಲ್ಲಿ ಹೊರಗಿನ ಲೋಕ ನೋಡಲು ಹೋಗಿ ಬರುತ್ತಿದ್ದರು. ಕೆಳಗೆ ನಿಂತವರು ಒಂದೇ ದಮ್ಮಿನಲ್ಲಿ "ಕಬಡ್ಡಿ ಕಬಡ್ಡಿ" ಎನ್ನಬೇಕು. ಕೊನೆಯ ದನಿ ನಿಂತೊಡನೆ, ಹತ್ತಿದವರ ಸೊಂಟಕ್ಕೆ ಕಟ್ಟಿದ ಹಗ್ಗ ಎಳೆಯುವುದು ರೂಢಿ.

ಇಲ್ಲಿಯವರೆಗೆ ಯಾರೂ ಏನನ್ನೂ ಕಂಡಿರಲಿಲ್ಲ. ಬೆಳಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಡ್ರಿಲ್ ಟೀಚರ್ ಗಂಗಮ್ಮ ಕೂಡ ಚಿಕ್ಕವರಿದ್ದಾಗ ಹತ್ತಿ, ಬರೀ ಬಿಳುಪು ಕಂಡು ಇಳಿದವರೇ.

ಇಂದು ಹುಲಿಗೆಮ್ಮನ ಸರದಿ. ಎದೆಯ ಬಲ ಅಳೆಯುವ ಕೊಳವೆಯನ್ನು ಅವಳು ಊದಿದಾಗ ಅದರೊಳಗಿನ ಚೆಂಡು ಕೆಂಪು ಗೆರೆಯ ಹತ್ತಿರಕ್ಕೂ ಏರಿರಲಿಲ್ಲ.

"ಬ್ಯಾಡ ಬಿಡವ್ವಾ, ನಿನ್ನ ಎದಿ ಸಣ್ಣದೈತಿ," ಎಂದರು ಟೀಚರ್.

"ದಿನಾ ನಾಕು ಕೊಡ ನೀರು ಹೊತ್ತು ಮುನ್ನೂರು ಮೆಟ್ಲ ಹತ್ತತೀನ್ರಿ. ಒಮ್ಮಿನೂ ದಮ್ಮು ಹತ್ತಿಲ್ಲ."

ಹತ್ತಿಯೇಬಿಟ್ಟಳು. ಕೆಳಗೆ ದನಿಗಳು ಒಂದೊಂದಾಗಿ ಉಡುಗಿದವು. ಊದಿದರೆ ಚೆಂಡನ್ನು ಕೊಳವೆಯ ತುದಿಗೇ ಮುಟ್ಟಿಸುತ್ತಿದ್ದ, ಅವಳದೇ ತರಗತಿಯ ಮೌನೇಶನೂ ಸುಮ್ಮನಾದ. ಟೀಚರ್ ಹಗ್ಗ ಎಳೆದರು. ಅದು ಬರಲಿಲ್ಲ. ಮೇಲೆ ಹುಲಿಗೆಮ್ಮ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಎಷ್ಟೋ ಹೊತ್ತಿನ ಮೇಲೆ ತಾನಾಗಿಯೇ ಏಣಿ ಇಳಿದು ಬಂದಳು. ನಿಧಾನ ಉಸಿರು ಬಿಟ್ಟಳು.

"ಏನ್ ಕಾಣಿಸ್ತವ್ವಾ?" ಟೀಚರ್ ಕೇಳಿದರು.

ಹುಲಿಗೆಮ್ಮ ಗಣಿಯ ಕಲ್ಲುಗೋಡೆಯನ್ನು ಹೊಸದೆಂಬಂತೆ ಮುಟ್ಟಿ ನೋಡಿದಳು.

"ಟೀಚರ್, ಮ್ಯಾಲ ಗ್ವಾಡಿನೇ ಇಲ್ರೀ."