ಒಡೆಸ್ಸಮ್ಮನ ಈಸ್ಟರ್ ಊಟ

"ಸಾಕು ಅಂದ್ರೆ ಸಾಕು!"

ಥರ್ಮನ್ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. ಮೊರದಗಲದ ಕೈಗಳು. ಆದರೂ ಒಡೆಸ್ಸಾ ಸಂದಿ ಹುಡುಕಿ ಹಂದಿಮಾಂಸದ ಮತ್ತೊಂದು ದಪ್ಪ ಹೋಳನ್ನು ಒಳಗೆ ತುರುಕಿದಳು.

"ತಿನ್ನೋ ಮಗಾ. ಬಾಸ್ಟನ್‌ನಲ್ಲಿ ನಿಂಗೆ ಹೀಗೆ ಯಾರು ಬಡಿಸ್ತಾರೆ?"

ಎದುರು ಕುಳಿತಿದ್ದ ಎಲ್ಬರ್ಟ್ ಸಿಹಿಗೆಣಸಿನ ಕಡುಬಿನತ್ತ ಮೆಲ್ಲಗೆ ಕೈ ಚಾಚಿದ. ಪಟ್ಟನೆ ಸೌಟಿನ ಏಟು ಬಿತ್ತು.

"ನೀನು ಮುಟ್ಟಬೇಡ! ಸಂಜೆ ಆಟ ಇದೆ."

"ಅವನಿಗೂ ಇದೆಯಲ್ಲಮ್ಮ?"

"ಅವನು ದೂರದಿಂದ ಬಂದವನು. ಸುಮ್ನಿರು."

ಫಿಲಡೆಲ್ಫಿಯಾದ ಆ ಬೀದಿಯಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ಒಡೆಸ್ಸಾಳನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಆಕೆಯ ಮೇಜಿಗೆ ಮಂಡಿ ತಗುಲಿಸಿಕೊಂಡು ಮುದುಡಿ ಕುಳಿತಿದ್ದವರು ಆ ಕಾಲದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನ ಇಬ್ಬರು ಮಹಾ ಸೆಂಟರ್‌ಗಳು. ಬುಟ್ಟಿಯ ಕೆಳಗೆ ಇವರಲ್ಲೊಬ್ಬ ನಿಂತನೆಂದರೆ ಚೆಂಡಿಗೆ ದಾರಿಯಿಲ್ಲ. ಎಲ್ಬರ್ಟ್ ಊರಿನ ತಂಡಕ್ಕೆ, ಥರ್ಮನ್ ಬಾಸ್ಟನ್ ತಂಡಕ್ಕೆ. ಯಾರು ಎಲ್ಲಿ ಹುಟ್ಟಿದರು ಎಂದು ತಂಡದ ಧಣಿಗಳು ಕೇಳುತ್ತಿರಲಿಲ್ಲ; ಕರೆದ ಕಡೆ ಹೋಗಿ ಆಡಬೇಕು, ಅಷ್ಟೆ. ಅಂಗಣದಲ್ಲಿ ಇಬ್ಬರೂ ಹಾವು ಮುಂಗುಸಿ. ಆದರೆ ಕರಿಯರನ್ನು ಕಂಡರೆ ಹೋಟೆಲಿನವರು ಮುಖ ಸಿಂಡರಿಸುತ್ತಿದ್ದ ಕಾಲ ಅದು. ಹಬ್ಬದ ದಿನ ಎದುರಾಳಿಯಾದರೂ ನಮ್ಮವರ ಮನೆಯಲ್ಲೇ ಉಣ್ಣಬೇಕು, ಅದು ಪದ್ಧತಿ.

ಈ ಸಂಜೆ ಫೈನಲ್‌ನ ಕೊನೆಯ ಪಂದ್ಯ. ಎಲ್ಬರ್ಟ್ ಒಂದು ಹುಚ್ಚು ಶಪಥ ಮಾಡಿ ಕೂತಿದ್ದ: ಪಟ್ಟ ಗೆಲ್ಲದೆ ಮದುವೆಯಾಗುವುದಿಲ್ಲ. ಅವನು ಮದುವೆಯಾಗಬೇಕಿದ್ದ ವರ್ನೆಲ್‌ಳ ಗೌನು ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಹಿಡಿಯುತ್ತಿತ್ತು. ಪ್ರತಿ ವರ್ಷ ಥರ್ಮನ್ ಅಡ್ಡ ನಿಲ್ಲುತ್ತಿದ್ದ, ಪ್ರತಿ ವರ್ಷ ಮದುವೆ ಮುಂದಕ್ಕೆ ಹೋಗುತ್ತಿತ್ತು. "ಈ ಸಲವೂ ಸೋತ್ರೆ ನಿನ್ನ ಉಂಗುರ ನೀನೇ ಇಟ್ಕೋ" ಎಂದು ವರ್ನೆಲ್ ಬೆಳಿಗ್ಗೆ ಎಲ್ಬರ್ಟ್‌ಗೆ ಖಡಾಖಂಡಿತವಾಗಿ ಹೇಳಿದ್ದಳು. ಒಡೆಸ್ಸಾಳ ಕಿವಿಗೂ ಅದು ಬಿದ್ದಿತ್ತು. ಹೆತ್ತ ಕರುಳು ಯಾವ ಕಡೆ ಎಳೆಯುತ್ತದೆಂದು ಬಿಡಿಸಿ ಹೇಳಬೇಕೆ? ಆಕೆ ದೊಡ್ಡ ಪಾತ್ರೆಗಳನ್ನೇ ಒಲೆಗೇರಿಸಿದ್ದಳು.

ವರ್ನೆಲ್ ಒಲೆಯ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮಾ, ಇದು ಮೋಸ ಅಲ್ವಾ?"

"ಮೋಸ ಏನೇ ಬಂತು? ಹಸಿದವನಿಗೆ ಹಾಕೋದು ಪುಣ್ಯ ಅಂತ ಪಾದ್ರಿಗಳೇ ಹೇಳ್ಲಿಲ್ವಾ?"

"ಅವನು ಹಸಿದಿಲ್ಲ."

"ಹಾಗಿದ್ರೆ ಇನ್ನೂ ದೊಡ್ಡ ಪುಣ್ಯ. ಕಡುಬು ತಾ."

ವರ್ನೆಲ್ ತಂದ ಕಡುಬು ಕಂಡು ಥರ್ಮನ್ ಕುರ್ಚಿ ಹಿಂದಕ್ಕೆ ತಳ್ಳಿದ. "ಏ ಗಿಡ್ಡೀ, ಇನ್ನೂ ಇದೆಯೇನೇ?"

"ಬೇಡ ಅಂದ್ರೆ ಬಿಡಪ್ಪ," ಒಡೆಸ್ಸಾ ನಿಟ್ಟುಸಿರಿಟ್ಟಳು. "ನಿನ್ನ ಕೈಲಿ ಇದೊಂದು ಆಗಲ್ಲ ಅಂತ ಎಲ್ಬರ್ಟ್ ಮೊದಲೇ ಅಂದಿದ್ದ."

ಎಲ್ಬರ್ಟ್ ಹಾಗೆ ಅಂದೇ ಇರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಥರ್ಮನ್ ಚಮಚ ಕೈಗೆತ್ತಿಕೊಂಡಿದ್ದ. ಎಲ್ಬರ್ಟ್ ಎದುರು ಚದುರಂಗದಲ್ಲೂ ಸೋಲಲೊಲ್ಲದ ಗಂಡು ಅವನು.

ಕಿಟಕಿಯಾಚೆಯಿಂದ ಪಕ್ಕದ ಮನೆಯ ಕ್ಷೌರಿಕ ಗಿಡಿಯನ್ ಕೂಗಿದ. "ಅಮ್ಮಾ, ಆ ಬಾಸ್ಟನ್‌ನವನಿಗೆ ಇನ್ನೊಂದು ಚೂರು ಹಾಕಿ! ಊರಿನ ಮಾನ ನಿಮ್ಮ ಕೈಲಿದೆ!"

"ನೀನು ಬಾಯ್ಮುಚ್ಚೋ!" ಎಂದಳು ಒಡೆಸ್ಸಾ. ಚೂರನ್ನಂತೂ ಹಾಕಿದಳು.

ಸಂಜೆ ಅಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ರೆಫರಿ ಚೆಂಡನ್ನು ಮೇಲಕ್ಕೆಸೆದ. ಎಲ್ಬರ್ಟ್ ಗಾಳಿಗೇರಿದ. ಥರ್ಮನ್‌ನ ಹಿಮ್ಮಡಿ ಮಾತ್ರ ನೆಲ ಬಿಟ್ಟಿತು, ಜೊತೆಗೆ ಒಂದು ತೇಗು. ಮೊದಲ ಸಾಲಿನವರಿಗೆಲ್ಲ ಕೇಳಿಸಿತು.

ಆಮೇಲೆ ನಡೆದದ್ದು ಹಬ್ಬವೇ. ಥರ್ಮನ್ ತಿರುಗುವಷ್ಟರಲ್ಲಿ ಎಲ್ಬರ್ಟ್ ಚೆಂಡು ಹಾಕಿ ಹಿಂದಿರುಗಿರುತ್ತಿದ್ದ. ಬಾಸ್ಟನ್ ತಂಡದ ಗುರು ಟವೆಲ್ ಕಚ್ಚಿಕೊಂಡು ಕುಣಿದಾಡಿದ. "ಏನು ತಿಂದ್ಯೋ ಮಧ್ಯಾಹ್ನ?" ಎಂದು ಕೂಗಿದ. ಥರ್ಮನ್‌ಗೆ ನೆನಪಿಸಿಕೊಳ್ಳಲೂ ಧೈರ್ಯ ಬರಲಿಲ್ಲ.

ಕೊನೆಯ ಸೀಟಿ ಬಿದ್ದದ್ದೇ ತಡ, ಒಡೆಸ್ಸಾ ಈಸ್ಟರ್ ಟೋಪಿಯನ್ನು ಮೇಲಕ್ಕೆ ತೂರಿ, ಗುರುತಿಲ್ಲದ ಪೊಲೀಸನೊಬ್ಬನನ್ನು ತಬ್ಬಿ ಕುಣಿದಳು. ಎಲ್ಬರ್ಟ್ ಜನರನ್ನು ಸೀಳಿಕೊಂಡು ಬಂದು ವರ್ನೆಲ್‌ಳನ್ನು ಹೆಗಲ ಮೇಲೆ ಕೂರಿಸಿಕೊಂಡ. "ಬರೋ ಭಾನುವಾರವೇ ಮದುವೆ!" ಎಂದು ಒಡೆಸ್ಸಾ ಕೂಗಿದಳು. ಸಂತೋಷಕ್ಕೆ ಆಕೆಯ ಕಣ್ಣು ತುಂಬಿ ಬಂದಿತ್ತು.

ಅಷ್ಟರಲ್ಲಿ ಥರ್ಮನ್ ಹೊಟ್ಟೆ ಹಿಡಿದುಕೊಂಡು ಕುಂಟುತ್ತ ಬಂದ. ಏಳಡಿಯ ದೇಹವನ್ನು ಬಗ್ಗಿಸಿ ಆಕೆಯ ಭುಜಕ್ಕೆ ತಲೆಯಾನಿಸಿದ.

"ತಂಗಿ ಮದುವೆ ಆಗೋದು ನಂಗೂ ಖುಷಿನೇ. ಆದ್ರೆ ಅಳಿಯನ್ನ ಗೆಲ್ಲಿಸೋಕೆ ಹೊಟ್ಟೇಲಿ ಹುಟ್ಟಿದ ಮಗನಿಗೇ ಹೀಗೆ ತುರುಕೋದಾ ಅಮ್ಮ?"