ಉಳಿದುಹೋದ ಒಂದು

“ಸಿಕ್ಕಿತು!” ಎಂದು ಮೈದುನ ಮೇಜು ಕುಟ್ಟಿದ. “ಅತ್ತಿಗೆ, ಇದರಲ್ಲೂ ಒಂದು ಉಳಿದಿದೆ. ಬನ್ನಿ, ನೋಡಿ.”

ಅತ್ತಿಗೆ ಎದ್ದು ಬಂದು ನೋಡಿದಳು. ಪರದೆಯ ಮೂಲೆಯಲ್ಲಿ ಒಂದು ಎಂಬ ಅಂಕಿ ಹೊಳೆಯುತ್ತಿತ್ತು. “ಹೌದಲ್ಲ,” ಎಂದಳು. ಹೋಗಿ ಕುಳಿತಳು. ತಪ್ಪಿತಸ್ಥರಿಗೆ ಇರಬೇಕಾದ ನಡುಕ ಆ ಹೆಂಗಸಿಗೆ ಇರಲಿಲ್ಲ. ಮೈದುನನಿಗೆ ಅದೇ ದೊಡ್ಡ ಸಾಕ್ಷಿ.

ಅದು ಹಿಟ್ಟಿನ ಗಿರಣಿಗಳಿಗೆ ವಿದ್ಯುತ್ ತಕ್ಕಡಿ ಮಾಡಿಕೊಡುವ ಸಣ್ಣ ಕಂಪನಿ. ತಕ್ಕಡಿಗಳನ್ನು ನಡೆಸುವ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದವನು ಮೈದುನನ ಅಣ್ಣ. ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ ಸಂಖ್ಯೆಯ ಮೇಲೆ ಸಂಖ್ಯೆ ಇಡುವುದು, ತೆಗೆಯುವಾಗ ಮೇಲಿನದನ್ನೇ ಮೊದಲು ತೆಗೆಯುವುದು, ಇಷ್ಟೇ ಅದರ ಮರ್ಮ. ಆ ರಾಶಿಗೆ ಸ್ಟ್ಯಾಕ್ ಎನ್ನುತ್ತಾರೆ. ಅಪ್ಪಣೆಗಳಿಗೆ ಪದ ಎನ್ನುತ್ತಾರೆ. ಪದ ತನ್ನ ಉತ್ತರವನ್ನು ಸ್ಟ್ಯಾಕಿನ ಮೇಲೆ ಇಡುತ್ತದೆ, ಕೇಳಿದವರು ಅದನ್ನು ಎತ್ತಿಕೊಳ್ಳಬೇಕು. ಅದರ ಹೊರತು ಎಂಜಲು ಉಳಿಯಬಾರದು. ಅಣ್ಣ ಮಾಡಿಟ್ಟ ಕಟ್ಟಳೆ ಅದು.

ಅಣ್ಣ ಹೋದ ವರ್ಷ ತೀರಿಕೊಂಡ. ದೇವರು ತನಗೆ ಬೇಕಾದವರನ್ನು ಕರೆದುಕೊಳ್ಳುತ್ತಾನೆ. ಮಿಕ್ಕವರನ್ನು ಕಂಪನಿ ನಡೆಸಲು ಬಿಡುತ್ತಾನೆ.

ಸಿದ್ಧ ಪದಗಳ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ; ಅಣ್ಣ ಅರ್ಧಕ್ಕೆ ಬಿಟ್ಟಿದ್ದ ಅದರ ವಿಸ್ತರಣೆಯನ್ನು ಅತ್ತಿಗೆ ಕೈಗೆತ್ತಿಕೊಂಡಳು. ದಿನಾಂಕದ ಲೆಕ್ಕ ಹಾಕುವ ಪದ, ಅಕ್ಷರಗಳನ್ನು ಜೋಡಿಸುವ ಪದ, ತೂಕದ ಸರಾಸರಿ ತೆಗೆಯುವ ಪದ. ಆ ಭಾಷೆ ಬಲ್ಲವಳು ಈಗ ಅವಳೊಬ್ಬಳೇ. ಮೈದುನನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಪೇಟೆಯಲ್ಲಿ ಸಿಗುವ ಸಿದ್ಧ ಸಾಫ್ಟ್‌ವೇರ್ ತಂದು ಈ ಭಾಷೆಯನ್ನು ಕಸಕ್ಕೆ ಹಾಕಬೇಕೆಂದು ಅವನ ಹಂಚಿಕೆ. ಭಾಷೆ ಹೋದರೆ ಅಣ್ಣನ ಕುರ್ಚಿಗೆ ಅಂಟಿಕೊಂಡ ಅತ್ತಿಗೆಯೂ ಹೋಗುತ್ತಾಳೆ. ಹೊಸ ಲೈಬ್ರರಿ ಗಿರಣಿಗಳನ್ನು ಸೇರುವ ಮೊದಲೇ ಇದು ಆಗಬೇಕಿತ್ತು.

ಕಂಪನಿಯ ಒಡತಿ ಅಮ್ಮ. ಅತ್ತಿಗೆಯ ಪದಗಳಲ್ಲಿ ತಪ್ಪಿದೆಯೆಂಬ ಮಗನ ದೂರನ್ನು ಪೂರ್ತಿ ಕೇಳಿಸಿಕೊಂಡಳು. “ಸರಿಯಪ್ಪ. ತಪ್ಪಿದೆ ಅಂತ ನನ್ನ ಕಣ್ಣೆದುರು ತೋರಿಸು, ಆ ದಿನವೇ ನಿಮ್ಮಣ್ಣನ ಭಾಷೆಗೆ ಬಾಗಿಲು ಹಾಕ್ತೀನಿ. ಆದ್ರೆ ಇನ್ನೊಬ್ಬರ ಕೈಲಿ ಮಾಡಿಸ್ಬೇಡ. ನೀನೇ ಕೂತು ನೋಡು. ಒಂದೊಂದು ಪದಾನೂ ನೋಡು.”

ಅತ್ತಿಗೆ ಜಗಳವಾಡಲಿಲ್ಲ. ಗಂಡನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. “ಇಲ್ಲಿ ಕೂತ್ಕೊಳ್ಳಿ ಮೈದುನರೇ, ಬೆಳಕು ಚೆನ್ನಾಗಿದೆ. ಕಳ್ಳರನ್ನ ಹಿಡಿಯೋಕೆ ಬೆಳಕು ಬೇಕಲ್ಲ.”

ಅವನ ವಿಧಾನ ಸರಳವಾಗಿತ್ತು. ‘ಎಷ್ಟಿದೆ’ ಎಂಬ ಪದದಿಂದ ಸ್ಟ್ಯಾಕನ್ನು ಕೇಳುವುದು. ಸೊನ್ನೆ ಎಂದು ಪರದೆಯಲ್ಲಿ ಕಾಣುತ್ತಿತ್ತು. ಆಮೇಲೆ ಅತ್ತಿಗೆಯ ಪದವನ್ನು ಓಡಿಸಿ, ಅದರ ಉತ್ತರವನ್ನು ಎತ್ತಿ, ಮತ್ತೆ ಕೇಳುವುದು. ಒಂದು! ದಿನಾಂಕದಲ್ಲಿ ಒಂದು, ಸರಾಸರಿಯಲ್ಲಿ ಒಂದು. ಎಲ್ಲೂ ಎರಡಿಲ್ಲ. ಇಷ್ಟು ನಿಷ್ಠೆಯ ತಪ್ಪನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

“ಯಾವ ಸಾಲಲ್ಲಿ ಉಳೀತು?” ಎಂದು ಅಮ್ಮ ಕೇಳಿದಳು. ಅದನ್ನು ಹುಡುಕಲು ಅವನು ಪದಗಳ ಒಳಗೆ ಇಳಿಯಬೇಕಾಯಿತು.

“ಇದು ನಿಮ್ಮಣ್ಣನ ಹಳೇ ಪದದ ಮೇಲೆ ನಿಂತಿದೆ, ಅದನ್ನ ನೋಡಿ,” ಎನ್ನುತ್ತಿದ್ದಳು ಅತ್ತಿಗೆ. ಅದನ್ನು ನೋಡಿದರೆ ಕೆಳಗೆ ಇನ್ನೊಂದು. ಬೈಯುತ್ತ ಓದಿದ. ಬೈಯುತ್ತಲೇ ತಿದ್ದಿ ಬರೆದ. ತಾನೇ ಹೊಸದಾಗಿ ಬರೆದ ಪದದಲ್ಲೂ ಒಂದು ಉಳಿಯಿತು. ಅತ್ತಿಗೆಯ ಪದಗಳ ಸಹವಾಸ ದೋಷ ಎಂದುಕೊಂಡ. ಕೊನೆಗೆ ಅನುಮಾನ ಅಣ್ಣನ ಮೇಲೆಯೇ ತಿರುಗಿತು.

ತಕ್ಕಡಿ ರಿಪೇರಿಯ ಮೇಸ್ತ್ರಿ ಬಾಗಿಲಲ್ಲಿ ಇಣುಕಿದ. “ಏನ್ ಸಾಹೇಬ್ರೇ, ಹೋದವರ ಮೇಲೂ ಕೇಸ್ ಹಾಕ್ತೀರಂತೆ?”

“ಸಾಕ್ಷಿ ಇದೆ ಮೇಸ್ತ್ರಿ.”

“ಹಾಕಿ ಹಾಕಿ. ಪಾಪ, ಅವರು ಲಾಯರ್ ಇಡೋಕಂತೂ ಬರಲ್ಲ.”

ಸಂಜೆಯಾದರೆ ಅಮ್ಮ ಕೇಳುವಳು: “ಇವತ್ತು ಯಾವ ಪದ ನೋಡಿದೆ? ಅದು ಹೇಗೆ ಕೆಲಸ ಮಾಡುತ್ತೆ, ಹೇಳು ನೋಡೋಣ.” ಅಮ್ಮ ತನ್ನ ಕಡೆಗೆ ವಾಲುತ್ತಿದ್ದಾಳೆಂದು ಅವನು ಹಿಗ್ಗಿ ವಿವರಿಸುತ್ತಿದ್ದ. ತಕ್ಕಡಿಯ ಮೇಲೆ ಕೈ ತಗುಲಿದರೆ ಆ ತೂಕವನ್ನು ಲೆಕ್ಕಕ್ಕೆ ಹಿಡಿಯದೆ ಕಾಯುವ ಪದವೊಂದನ್ನು ಅಣ್ಣ ಬರೆದಿದ್ದ. ಅದನ್ನು ವಿವರಿಸುವಾಗ ಮಾತ್ರ ಮಗ ಕಣ್ಣುಜ್ಜಿಕೊಂಡ. ಆಫೀಸಿನಲ್ಲಿ ಧೂಳು ಹೆಚ್ಚು ಎಂದ.

ಲೈಬ್ರರಿ ಕಳಿಸುವ ದಿನ ಬಂತು. ಅಮ್ಮ ಬಂದು ಅವನ ಪಕ್ಕದಲ್ಲಿ ಕುಳಿತಳು. ಅತ್ತಿಗೆ ಕಿಟಕಿಯ ಬಳಿ ನಿಂತಿದ್ದಳು. ಈ ಸಲ ತಪ್ಪಿದ ಸಾಲು ಸಿಗದಿದ್ದರೂ, ಒಂದೊಂದು ಪದವನ್ನೂ ಓಡಿಸಿ ಎಂಜಲನ್ನು ಅಮ್ಮನ ಕಣ್ಣಿಗೆ ಹಿಡಿಯುವುದೆಂದು ಅವನು ನಿಶ್ಚಯಿಸಿದ್ದ.

“ಮೊದಲು ಖಾಲಿ ಸ್ಟ್ಯಾಕ್ ನೋಡಮ್ಮ. ಇನ್ನೂ ಏನನ್ನೂ ಓಡಿಸಿಲ್ಲ.” ಕೇಳಿದ. ಸೊನ್ನೆ.

“ನನಗೆ ಕಾಣಿಸಲಿಲ್ಲ,” ಎಂದಳು ಅಮ್ಮ. “ಇನ್ನೊಂದು ಸಲ ಕೇಳು.”

ಮತ್ತೆ ಕೇಳಿದ. ಒಂದು.

ಮೈದುನ ಪರದೆಯನ್ನೇ ನೋಡುತ್ತ ಕುಳಿತ. ಅತ್ತಿಗೆಯ ಪದವಿಲ್ಲ, ಅಣ್ಣನ ಪದವಿಲ್ಲ. ‘ಎಷ್ಟಿದೆ’ ಎಂಬುದೂ ಒಂದು ಪದವೇ; ಸ್ಟ್ಯಾಕಿನ ಮೇಲಿದ್ದದ್ದು ಮೊದಲ ಪ್ರಶ್ನೆಗೆ ಅದು ಇಟ್ಟ ಉತ್ತರ, ಸೊನ್ನೆ. ಅದನ್ನು ಎತ್ತದೆ ಮತ್ತೆ ಕೇಳಿದ್ದಕ್ಕೆ ಅದೂ ಎಣಿಕೆಗೆ ಸೇರಿತ್ತು. ಇಷ್ಟು ದಿನ ಊರಿನವರ ಉತ್ತರಗಳನ್ನೆಲ್ಲ ಶ್ರದ್ಧೆಯಿಂದ ಎತ್ತಿದವನು ತನ್ನದನ್ನು ಮಾತ್ರ ಅಲ್ಲೇ ಬಿಟ್ಟಿದ್ದ.

“ಅತ್ತಿಗೆ... ನಿಮಗೆ ಗೊತ್ತಿತ್ತಾ?”

“ಮೊದಲ ದಿನವೇ.”

“ಮತ್ತೆ ಹೇಳಬಾರದಿತ್ತಾ? ನಿಮ್ಮ ಕೆಲಸ ಹೋಗ್ತಿತ್ತಲ್ರೀ!”

ಅತ್ತಿಗೆ ಅಮ್ಮನ ಮುಖ ನೋಡಿದಳು.

“ನೀನು ದೂರು ತರೋಕೆ ಮುಂಚೆನೇ ಅವಳು ರಾಜೀನಾಮೆ ಕೊಟ್ಟಿದ್ದಳಪ್ಪ, ಬೇರೆ ಊರಲ್ಲಿ ಕೆಲಸ ಸಿಕ್ಕಿದೆ,” ಎಂದಳು ಅಮ್ಮ. “ನಿಮ್ಮಣ್ಣನ ಭಾಷೆ ಬಲ್ಲವರು ಇನ್ನೊಬ್ಬರು ತಯಾರಾಗೋವರೆಗೂ ಇರು ಅಂತ ನಾನೇ ತಡೆದಿದ್ದೆ. ಕಲಿ ಅಂದಿದ್ರೆ ನೀನು ಕಲೀತಿರಲಿಲ್ಲ. ಅದಕ್ಕೇ ತಪ್ಪು ಹುಡುಕು ಅಂದೆ.”